ಬೇಲಿ ದಾಟಿ ಬಂದ ಹೂ

ಡಚ್ಚರ ನಾಡಿನ ಎನ್ಸ್‌ಕೆಡೆ ಊರಿನ ನಮ್ಮ ಮನೆಯ ಹಿಂದೆ ಒಂದು ಕಾಲುದಾರಿ. ಅದಕ್ಕೆ ತಾಗಿಕೊಂಡೇ ಯಾವುದೋ ಕಂಪನಿಯ ಲಾರಿಗಳು ನಿಲ್ಲುವ ಅಂಗಳ, ಸುತ್ತಲೂ ತಂತಿಬಲೆಯ ಬೇಲಿ. ಬೇಸಿಗೆಯಲ್ಲಿ ಬೇಲಿಯ ತುಂಬ ಬಿಳಿ ಬಳ್ಳಿಹೂ. ಉಡುಪಿಯಿಂದ ಬಂದ ಅತ್ತೆ ಮಾರನೆಯ ಬೆಳಿಗ್ಗೆಯೇ ಅದನ್ನು ಕೊಯ್ದು ತಂದು ದೇವರಿಗಿಟ್ಟರು. ಕೇಳದೆ ಕೊಯ್ಯಬಾರದು ಎಂದೆ. ಉದುರಿದ ಎಲೆಗೂ ವಾರಸುದಾರನಿರುವ ದೇಶ ಇದು.

“ಬೇಲಿಯಿಂದ ಹೊರಗೆ ಬಂದ ಹೂವಿಗೆ ಯಾರ ಅಪ್ಪಣೆ ಮಾರಾಯ್ತಿ? ದೇವರಿಗೆ ಅಲ್ವಾ?” ಎಂದರು.

ವೀಸಾ ಮುಗಿದು ಅತ್ತೆ ಊರಿಗೆ ಹೋದ ಮೇಲೆ ಹೂವಿನ ಕೆಲಸವನ್ನು ನನ್ನ ಮಗಳು ವಹಿಸಿಕೊಂಡಳು. ಅವಳಿಗೆ ಆಟಿಸಂ ಇದೆ. ಮಾತು ಅಪರೂಪ, ಅದೂ ಡಚ್ಚಿನಲ್ಲಿ. ಯಾರು ಮುಟ್ಟಿದರೂ ಅವಳಿಗೆ ಸೇರದು, ನಾನೊಬ್ಬಳನ್ನು ಬಿಟ್ಟು. ಹೂವಿನ ಕಾಲದಲ್ಲಿ ನನ್ನ ಕೈ ಹಿಡಿದು ಬೇಲಿಯ ತನಕ ಬಂದು, ಹೂ ಕೊಯ್ದು ದೇವರ ಮುಂದೆ ಸಾಲಾಗಿ ಇಟ್ಟರೆ ಅವತ್ತು ಶಾಲೆಗೆ ಹೋಗುತ್ತಿದ್ದಳು. ಅದು ತಪ್ಪಿದರೆ ದಿನವಿಡೀ ಕಿರುಚಾಟ.

ಹೋದ ವರ್ಷ ಆ ಅಂಗಳದಲ್ಲಿ ಡೀಸೆಲ್ ಕಳ್ಳತನವಾಯಿತು. ಕಂಪನಿಯವರು ಬಲೆಯ ಒಳಗಡೆ, ಒಂದು ಗೇಣು ದೂರದಲ್ಲಿ, ಕರೆಂಟಿನ ತಂತಿ ಎಳೆದು ಹಳದಿ ಬೋರ್ಡು ತೂಗುಹಾಕಿದರು. ಬಲೆಯ ಕಣ್ಣಿನಲ್ಲಿ ದೊಡ್ಡವರ ಕೈ ತೂರುವುದಿಲ್ಲ. ಮಗಳ ಕೈ ತೂರುತ್ತದೆ. ಹೊರಗಿನ ಹೂ ಮುಗಿದರೆ ಒಳಗಿನದಕ್ಕೂ ಅವಳು ಕೈ ಹಾಕುತ್ತಾಳೆ. ಅಜ್ಜಿಯ ನ್ಯಾಯ ಅವಳಿಗೆ ಅಷ್ಟು ನಾಜೂಕಾಗಿ ತಿಳಿದಿಲ್ಲ.

ಇಲ್ಲಿನ ನಗರಸಭೆಗೆ ಗೆಮೇಂಟೆ ಎನ್ನುತ್ತಾರೆ. ಅಲ್ಲಿಗೆ ಹೋಗಿ ಕೇಳಿಕೊಂಡೆ: ಬೇಲಿ ತೆಗೆಸಿ ಎನ್ನುವುದಿಲ್ಲ, ಅದರ ಮುಂದೆ ಮಕ್ಕಳ ಕೈಗೆ ಎಟುಕದಷ್ಟು ಜಾಗ ಬಿಟ್ಟು ಒಂದು ಸಾದಾ ಬೇಲಿ ಹಾಕಿಸಿ, ಬಳ್ಳಿ ಅದಕ್ಕೂ ಹಬ್ಬುತ್ತದೆ. ಸದಸ್ಯರು ಬಂದು ನೋಡಿದರು, ತಲೆಯಾಡಿಸಿದರು. ಕಾಲುದಾರಿಯ ಪಕ್ಕದ ಕರೆಂಟ್ ಬೇಲಿಗಳಿಗೆಲ್ಲ ಅಂಥದ್ದೊಂದು ಕಡ್ಡಾಯವೆಂದು ನಿಯಮ ಮಾಡಲು ಹೊರಟರು. ಅವತ್ತು ನಾನು ಪಾಯಸ ಮಾಡಿದ್ದೆ. ಹುಚ್ಚಿ.

ಕೆಲವು ತಿಂಗಳ ನಂತರ, ಮತ್ತೆ ಹೂ ಬಿಡುವ ಹೊತ್ತಿಗೆ, ಅಧಿಕಾರಿಣಿಯೊಬ್ಬರು ಕರೆಸಿ, ಕಾಫಿ ಕೊಟ್ಟು, ಆಗುವುದಿಲ್ಲ ಎಂದರು. ಬೇಲಿ ದೇಶದ ಸರ್ಕಾರದ ಮಾನದಂಡದಂತಿದ್ದರೆ ನಗರಸಭೆ ಅದನ್ನು ತಡೆಯುವಂತಿಲ್ಲ, ಮೇಲೊಂದು ಷರತ್ತು ಹಾಕುವಂತೆಯೂ ಇಲ್ಲ. ನನ್ನ ಕೈಯಲ್ಲಿದ್ದರೆ ಇವತ್ತೇ ಹಾಕಿಸುತ್ತಿದ್ದೆ ಎಂದೂ ಹೇಳಿದರು. ಮನಸ್ಸಿಟ್ಟೇ ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಒಪ್ಪಿದ್ದ, ದೇವರೇ ಅವನ ಕೈ ಕಟ್ಟಿಹಾಕಿದ್ದ. ಯಾರನ್ನು ಬೈಯಲಿ? ಬೈಯಲು ಒಬ್ಬ ಕೆಟ್ಟವನಾದರೂ ಸಿಗಬೇಕಿತ್ತು.

“ರೂಲ್ ಡೆನ್ ಹಾಗ್‌ನಿಂದ, ದೊಡ್ಡ ಸರ್ಕಾರದಿಂದ ಬಂದದ್ದು, ಗೆಮೇಂಟೆಯವರಿಗೆ ಎಂತ ಮಾಡ್ಲಿಕ್ಕಾಗ್ತದೆ? ನೀನು ಅವಳನ್ನು ಆ ಕಡೆ ಕರ್ಕೊಂಡು ಹೋಗ್ಬೇಡ, ಮುಗೀತಲ್ಲ,” ಎಂದರು ಗಂಡ.

ಮುಗಿಯಿತಂತೆ! ಅಂಗಡಿಯ ಹೂ ತಂದಿಟ್ಟೆ. ಅದನ್ನು ನೆಲಕ್ಕೆ ಎಸೆದಳು. ಬೇರೆ ದಾರಿಯಲ್ಲಿ ನಡೆಸಿದೆ. ಗೋಡೆಗೆ ತಲೆ ಜಜ್ಜಿಕೊಂಡಳು. ಕೊನೆಗೆ ಸೋತು, ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಬೇಲಿಗೇ ಕರೆದುಕೊಂಡು ಹೋಗತೊಡಗಿದೆ.

ಒಂದು ದಿನ ಅವಳು ಕೈ ಕೊಸರಿಕೊಂಡು ಓಡಿದಳು. ನಾನು ಹಿಂದೆ ಓಡುವಷ್ಟರಲ್ಲಿ ಕೈಯನ್ನು ಬಲೆಯೊಳಗೆ ತೂರಿಸಿ ತಂತಿಯನ್ನೇ ಹಿಡಿದಿದ್ದಳು. ಆ ತಂತಿಯಲ್ಲಿ ಕರೆಂಟು ಒಂದೇ ಸಮನೆ ಹರಿಯುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಹಿಡಿದ ಆ ಕ್ಷಣ ಅವಳಿಗೆ ಏನೂ ಆಗಲಿಲ್ಲ. ನಾನು ಹೋಗಿ ಅವಳ ಇನ್ನೊಂದು ಕೈ ಹಿಡಿದು ಎಳೆದೆ. ಆಗಲೇ ಹೊಡೆಯಿತು, ಇಬ್ಬರಿಗೂ.

ಅವಳು ಕಿರುಚಲಿಲ್ಲ. ನಾನು ಹಿಡಿದಿದ್ದ ಕೈಯನ್ನು ಕಿತ್ತುಕೊಂಡು ನನ್ನ ಮುಖ ನೋಡಿದಳು. ನಾನಲ್ಲ ಪುಟ್ಟೀ, ತಂತಿ, ತಂತಿ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಹೊಡೆದದ್ದು ನನ್ನ ಕೈಯೇ.

ಗೆಮೇಂಟೆಗೆ ಮತ್ತೆ ಹೋದೆ. ಗಾಯವಾಗಿದೆಯೇ ಎಂದು ಅದೇ ಅಧಿಕಾರಿಣಿ ಮೆತ್ತಗೆ ಕೇಳಿದರು. ಎಲ್ಲೂ ಗುರುತು ಇರಲಿಲ್ಲ. ಮೈಗೆ ಗಾಯವಾಗದಂತೆ ಹೊಡೆಯಬೇಕೆಂಬುದೇ ಆ ಮಾನದಂಡವಂತೆ. ಇಲ್ಲ ಎಂದು ಹೇಳಿ ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಮಗಳು ಶೂ ಹಾಕಿಕೊಂಡು ಹಿಂದಿನ ಬಾಗಿಲಲ್ಲಿ ನಿಂತಿದ್ದಾಳೆ, ಹೂವಿಗೆ ಹೊರಟು. ನಾನು ಕೈ ಚಾಚಿದೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಾಗಿಲಿಗೆ ಒತ್ತಿ ನಿಂತಳು. ಅವಳಿಗೆ ಬೇಲಿಯ ಹತ್ತಿರ ಹೋಗಬೇಕಿತ್ತು, ನಾನು ಮುಟ್ಟಬಾರದಿತ್ತು.