ಫಾದರ್‌ಗೆ ಅಂಕಲ್ ಎಂದ ದಿನ

ಮೊನ್ನೆ ಮಗಳ ಹುಟ್ಟುಹಬ್ಬದ ಕೇಕಿನ ಮೇಲೆ ಆರಿಸಿದ ಮೇಣದಬತ್ತಿಗಳ ಹೊಗೆ ಮೂಗಿಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಇಂಥ ವಾಸನೆಗೆ ಅಳುವವಳನ್ನು ನೀವು ನೋಡಿರಲಿಕ್ಕಿಲ್ಲ. ಪೂಜೆ ಮುಗಿದ ಮೇಲೆ ಪೀಠದ ಬತ್ತಿಗಳನ್ನು ತಾವೇ ಬೆರಳಿನಿಂದ ಚಿವುಟಿ ಆರಿಸುತ್ತಿದ್ದ ಫಾದರ್ ಇನ್ನಾಸಪ್ಪನವರ ಅಂಗಿಗೆ ಅದೇ ವಾಸನೆ ಇರುತ್ತಿತ್ತು.

ನಾವು ಅಮೆರಿಕದ ಡೌನರ್ಸ್ ಗ್ರೋವ್‌ಗೆ ಬಂದ ಹೊಸತು. ಚರ್ಚಿನ ಬಾಗಿಲಲ್ಲಿ ನಿಂತಿದ್ದ ಕುಳ್ಳನೆಯ ಪಾದ್ರಿಯೊಬ್ಬರು ನನ್ನನ್ನು ತಡೆದು, "ಮೈಸೂರೇನಮ್ಮ?" ಎಂದರು. ನಾನು ಗಂಡನನ್ನು ಕನ್ನಡದಲ್ಲಿ ಬೈಯುತ್ತಿದ್ದುದು ಅವರ ಕಿವಿಗೆ ಬಿದ್ದಿತ್ತು. ಅಂದಿನಿಂದ ತಿಂಗಳಿಗೊಂದು ಭಾನುವಾರ ಫಾದರ್ ಇನ್ನಾಸಪ್ಪನವರ ಊಟ ನಮ್ಮಲ್ಲೇ. ನನ್ನ ಮುದ್ದೆ ಗಂಟುಗಂಟಾದರೆ, "ಇಲ್ಲಿನ ಹಿಟ್ಟೇ ಹಂಗೆ" ಎಂದು ತಪ್ಪನ್ನು ಅಮೆರಿಕದ ಮೇಲೆ ಹಾಕುತ್ತಿದ್ದರು. ಮಗಳಿಗೆ ದೀಕ್ಷಾಸ್ನಾನ ಕೊಟ್ಟವರೂ ಅವರೇ.

ಒಂದು ಭಾನುವಾರ ಉಂಡ ಕೈ ಒಣಗುವವರೆಗೂ ಏಳದೆ ಕೂತಿದ್ದವರು ಹೇಳಿದರು: "ಪಾದ್ರಿ ಕೆಲಸ ಬಿಡ್ತಾ ಇದೀನಮ್ಮ. ಪೂಜೇಲಿ ದೇವರನ್ನ ನಂಬ್ತೀನಿ ಅನ್ನೋ ವಿಶ್ವಾಸ ಪ್ರಮಾಣ ಬಾಯಿ ಹೇಳುತ್ತೆ, ಒಳಗಿರೋನು ಸುಮ್ನಿರ್ತಾನೆ. ಎಷ್ಟು ವರ್ಷ ಅಂತ ಜನಕ್ಕೆ ಸುಳ್ಳು ಹೇಳ್ಲಿ?"

ಯಾವಳೋ ಇರಬೇಕು ಎಂದರು ನಮ್ಮ ಚರ್ಚಿನವರು. ಹೆಣ್ಣಿದ್ದಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಕೆಲವರು ಕ್ಷಮಿಸುತ್ತಲೂ ಇದ್ದರೇನೋ. ಇದ್ದದ್ದು ಬರೀ ಸಂಶಯ. ಊರಲ್ಲಿ ಕನ್ಯಾಸ್ತ್ರೀಯಾಗಿದ್ದ ಅವರ ತಂಗಿ ಅಣ್ಣನ ಕಾಗದಗಳನ್ನು ಒಡೆಯದೆ ವಾಪಸು ಕಳಿಸಿದರು. ಇನ್ನಾಸಪ್ಪನವರು ಮತ್ತೆ ಓದಿ, ಡೆಟ್ರಾಯಿಟ್ ಹತ್ತಿರದ ಚಿಕ್ಕ ಯುನಿಟೇರಿಯನ್ ಚರ್ಚೊಂದಕ್ಕೆ ಮಿನಿಸ್ಟರ್ ಆದರು, ಅಂದರೆ ಅಲ್ಲಿನ ಬೋಧಕರು. ಅಲ್ಲಿ ಇದನ್ನೇ ನಂಬಬೇಕೆಂಬ ಕಟ್ಟಳೆಯಿಲ್ಲ. ದೇವರಿದ್ದಾನೆ ಎನ್ನುವವರೂ ಇಲ್ಲ ಎನ್ನುವವರೂ ಒಂದೇ ಬೆಂಚಿನಲ್ಲಿ ಕೂರುತ್ತಾರಂತೆ.

ನನ್ನ ಕಷ್ಟವೇ ಬೇರೆ. ಅವರನ್ನು ಇನ್ನು ಏನೆಂದು ಕರೆಯುವುದು? ಫೋನಿನಲ್ಲಿ "ಫಾ..." ಎಂದು ಶುರುಮಾಡಿ ಕೆಮ್ಮಿಬಿಡುತ್ತಿದ್ದೆ. ಪಾಪ, ಅವರು ಕೆಮ್ಮಿಗೆ ಕಷಾಯ ಹೇಳುತ್ತಿದ್ದರು.

ಮಗ ಹುಟ್ಟಿದ. ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಿದ್ದರು. ದೀಕ್ಷಾಸ್ನಾನಕ್ಕೆ ನಾಲ್ಕು ದಿನವಿರುವಾಗ ಇನ್ನಾಸಪ್ಪನವರ ಫೋನು ಬಂತು.

"ನಾನೇನೂ ಮಾಡಲ್ಲಮ್ಮ. ಹಿಂದಿನ ಬೆಂಚಲ್ಲಿ ಕೂತು ಕೂಸಿನ ಮುಖ ನೋಡ್ಕೊಂಡು ಹೋಗ್ತೀನಿ. ಡ್ರೈವ್ ಮಾಡ್ಕೊಂಡು ಬರ್ಲಾ?"

ಹೆಚ್ಚುಕಡಿಮೆ ಮುನ್ನೂರು ಮೈಲಿ. ಚರ್ಚಿನಲ್ಲಿ ಯಾರ್ಯಾರು ತಿರುಗಿ ನೋಡುತ್ತಾರೆ, ಆಮೇಲೆ ಏನೇನು ಆಡಿಕೊಳ್ಳುತ್ತಾರೆ ಎಂಬುದೆಲ್ಲ ಕಣ್ಣಮುಂದೆ ಬಂತು. "ಬೇಡ ಅಂಕಲ್," ಎಂದೆ. "ಅಮ್ಮ ಇದಾರೆ. ಬೇಜಾರ್ ಮಾಡ್ಕೋತಾರೆ."

ಕೆಮ್ಮದೆ ಅವರನ್ನು ಕರೆದದ್ದು ಆವತ್ತೇ ಮೊದಲು. "ಸರಿ ಬಿಡಮ್ಮ. ಹೆಸರೇನಿಟ್ರಿ?" ಎಂದರು. ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡು, "ಚೆನ್ನಾಗಿದೆ" ಎಂದರು.

ಆ ಚಳಿಗಾಲದಲ್ಲಿ, ತಮ್ಮ ಚರ್ಚಿನ ಮೆಟ್ಟಿಲ ಮೇಲಿನ ಹಿಮ ಎತ್ತುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. ನಮಗೆ ತಿಳಿಯುವಾಗ ಮಣ್ಣು ಮಾಡಿ ವಾರವಾಗಿತ್ತು. ಅವರ ಫೋನ್ ಪುಸ್ತಕದಲ್ಲಿ ನಮ್ಮ ನಂಬರಿನ ಪಕ್ಕ ಹೆಸರಿನ ಬದಲು ಯಾವುದೋ ಬೇರೆ ಲಿಪಿಯಲ್ಲಿ ಏನೋ ಬರೆದಿತ್ತು, ಅದಕ್ಕೇ ತಡವಾಯಿತು ಎಂದು ಅವರ ಚರ್ಚಿನಿಂದ ಫೋನ್ ಮಾಡಿದಾಕೆ ಕ್ಷಮೆ ಕೇಳಿದರು. ಏನು ಬರೆದಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

ಹುಟ್ಟುಹಬ್ಬದ ಮರುದಿನ ಅಮ್ಮನಿಗೆ ಫೋನ್ ಮಾಡಿ, ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದೆ. ನಾಚಿಕೆಯಾಗಿದ್ದು ನನಗೆ, ನಿಮ್ಮ ಹೆಸರು ಹೇಳಿ ತಪ್ಪಿಸಿಕೊಂಡೆ ಎಂದೆ.

"ಮೂರು ತಿಂಗಳು ನಿನ್ ಮನೇಲೇ ಇದ್ನಲ್ಲೇ," ಎಂದರು ಅಮ್ಮ, "ನನ್ನನ್ನ ಒಂದ್ ಮಾತು ಕೇಳಿದ್ಯಾ?"

ಕೇಳಿರಲಿಲ್ಲ.