ಕೊರಕಲಿನಿಂದ ಕೇಳಿದ ಕಂಪ್ರೆಸರ್ ಸದ್ದು

ಇದನ್ನು ಓದಿ ನಗುವವರು ನಗಲಿ. ಆ ಕೊರಕಲಿಗೆ ಇಳಿದವಳು ನಾನು, ಆ ಮಾತು ಬಿದ್ದದ್ದು ನನ್ನ ಕಿವಿಗೆ. ನೆನೆಸಿಕೊಂಡರೆ ಇವತ್ತಿಗೂ ಭಯವಾಗುತ್ತದೆ, ನಿಜ. ಆದರೆ ಭಯಕ್ಕಿಂತ ಮೊದಲು ಬರುವುದು ಸಿಟ್ಟು...

ನಾನು ಹನೂರಿನವಳು. ಹಳೆಯದೊಂದು ಫೋರ್ ವೀಲ್ ಜೀಪ್ ಇಟ್ಟುಕೊಂಡು ಕಾಡಂಚಿನ ಪೋಡುಗಳಿಗೆ, ಎಂದರೆ ಗಿರಿಜನರ ಹಟ್ಟಿಗಳಿಗೆ, ಜನರನ್ನು, ರೇಷನ್ ಮೂಟೆಗಳನ್ನು ಸಾಗಿಸುತ್ತೇನೆ. ಕಲ್ಲು ದಾರಿ ಶುರುವಾಗುವಲ್ಲಿ ಟೈರಿನ ಗಾಳಿ ಇಳಿಸಿದರೆ ಮಾತ್ರ ಹಿಡಿತ ಸಿಗುವುದು. ವಾಪಸ್ ಟಾರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಬೇಕು. ಕಾಲಲ್ಲಿ ತುಳಿಯುವ ಪಂಪಿನಿಂದ ನಾಲ್ಕು ಟೈರಿಗೆ ಗಾಳಿ ಹೊಡೆದು ಹೊಡೆದು ನನ್ನ ಮಂಡಿ ಸವೆದಿತ್ತು. ಜೀಪಿನೊಳಗೇ ಒಂದು ಏರ್ ಕಂಪ್ರೆಸರ್ ಕೂರಿಸಿಕೊಡು ಎಂದು ಯಳಂದೂರಿನ ನಂಜುಂಡನ ಬಳಿ ಹೋದೆ. ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ದೂರದ ನೆಂಟ, ನನಗಿಂತ ಚಿಕ್ಕವನು.

ಬಾನೆಟ್ ಕೆಳಗೆ, ಬ್ಯಾಟರಿ ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಹಾಕಿ ಕಂಪ್ರೆಸರ್ ಬಿಗಿದ. ಬ್ಯಾಟರಿಯಿಂದ ದಪ್ಪ ವೈರ್ ಎಳೆದು, ನಡುವೆ ಫ್ಯೂಸ್ ಹಾಕಿ, ಸ್ಟೇರಿಂಗ್ ಪಕ್ಕದಲ್ಲಿ ಸ್ವಿಚ್ ಕೂರಿಸಿದ. ನಾನೂ ಸ್ಪ್ಯಾನರ್ ಹಿಡಿದು ಜೊತೆಗೇ ನಿಂತಿದ್ದೆ. ಆಗ ಕಣ್ಣಿಗೆ ಬಿತ್ತು... ಕಂಪ್ರೆಸರಿನ ಸಂದಿಯಲ್ಲಿ ಒಣಗಿ ಹಿಡಿದಿದ್ದ ಕೆಂಪು ಮಣ್ಣು.

"ಇದು ಹೊಸದೇನ್ಲಾ?"

"ಹೊಸ್ದೇ ಕಣಕ್ಕ. ಮೂಲೇಲಿತ್ತು, ಧೂಳ್ ಕೂತದೆ ಅಷ್ಟೇಯ."

ಧೂಳು ಯಾವುದು, ಮಣ್ಣು ಯಾವುದು ಎಂದು ನನಗೆ ಗೊತ್ತಿಲ್ಲವೇ? ಮೈ ಉರಿಯಿತು.

"ಅಂಗಾರೆ ನೀನೂ ಗಾಡಿ ಅತ್ತು. ದಾರೀಲಿ ಕೆಟ್ರೆ ಅಲ್ಲೇ ರಿಪೇರಿ ಮಾಡೀಯಂತೆ."

ಕೊಳ್ಳೇಗಾಲ ದಾಟುವವರೆಗೂ ವಟವಟ ಎನ್ನುತ್ತಿದ್ದವನು ಬಂಡಳ್ಳಿ ಕಡೆಗೆ ಗಾಡಿ ತಿರುಗಿಸಿದ ಕೂಡಲೇ ಸೀಟಿನ ಅಂಚಿಗೆ ಬಂದು ಕೂತ. "ಬ್ಯಾರೆ ದಾರಿ ಇಲ್ವಾಕ್ಕ?" ಎಂದು ಒಂದೇ ಸಲ ಕೇಳಿದ. ಇಲ್ಲ ಎಂದೆ.

ಪೋಡಿನಲ್ಲಿ ಮೂಟೆ ಇಳಿಸಿ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಕಲ್ಲು ದಾರಿ ಮುಗಿದು ಟಾರು ಸಿಗುವ ಕಡೆ ಒಂದು ತಿರುವಿದೆ. ಎಡಕ್ಕೆ ಆಳವಾದ ಕೊರಕಲು, ತುಂಬಾ ಲಂಟಾನದ ಪೊದೆ. ನಾನು ಯಾವಾಗಲೂ ಗಾಳಿ ತುಂಬಿಸುವುದು ಅಲ್ಲೇ.

"ಇಲ್ ಬ್ಯಾಡಕ್ಕ. ಮುಂದುಕ್ ಓಗಮ."

ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಿಚ್ ಒತ್ತಿದೆ. ಟಕಟಕಟಕ ಎಂದು ಕಂಪ್ರೆಸರ್ ಓಡಿತು. ಚೆನ್ನಾಗಿಯೇ ಓಡಿತು. ನಾಲ್ಕೂ ಟೈರ್ ತುಂಬಿದ ಮೇಲೆ ಸ್ವಿಚ್ ಆರಿಸಿ, ಎಂಜಿನ್ ನಿಲ್ಲಿಸಿ, ಗಾಳಿ ಪೈಪ್ ಸುತ್ತಲು ಶುರುಮಾಡಿದೆ. ಜೀರುಂಡೆಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಟಕಟಕಟಕ...

ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕಟಕಟಕ...

ಸ್ವಿಚ್ ನೋಡಿದೆ. ಆಫ್ ಆಗಿಯೇ ಇತ್ತು. "ಎಂಥ ವೈರಿಂಗ್ ಮಾಡಿದ್ದೀಯ್ಲಾ!" ಎಂದು ಬೈಯುತ್ತಾ ಬಾನೆಟ್ ಎತ್ತಿ ಫ್ಯೂಸ್ ಕಿತ್ತೆ. ಫ್ಯೂಸ್ ನನ್ನ ಅಂಗೈಯಲ್ಲಿದೆ. ಸದ್ದು ಮತ್ತೆ ಬಂತು. ಕಂಪ್ರೆಸರಿನ ಮೇಲೆ ಕೈಯಿಟ್ಟೆ... ಅದು ಅದುರುತ್ತಿರಲಿಲ್ಲ. ಸದ್ದು ಬರುತ್ತಿದ್ದದ್ದು ಕೆಳಗಿನಿಂದ. ಕೊರಕಲಿನಿಂದ.

ಗಾಳಿಯಲ್ಲಿ ಡೀಸೆಲ್ ವಾಸನೆ. ಜೊತೆಗೆ ಜಜ್ಜಿದ ಲಂಟಾನದ ಘಾಟು.

ತಿರುಗಿ ನೋಡಿದರೆ ನಂಜುಂಡ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದ.

"ಇದು ಬಸವರಾಜಣ್ಣನ್ ಜೀಪಿಂದು ಕಣಕ್ಕ... ಗುಜ್ರೀಲಿ ತಕಂಡೆ."

ಬಸವರಾಜು ನನ್ನ ಹಾಗೆಯೇ ಜೀಪ್ ಓಡಿಸುತ್ತಿದ್ದವರು. ಹಿಂದಿನ ವರ್ಷ ಒಂದು ರಾತ್ರಿ ಅವರ ಗಾಡಿ ಇದೇ ಕೊರಕಲಿಗೆ ಉರುಳಿತ್ತು. ಮೇಕೆ ಕಾಯುವವರು ನೋಡಿದ್ದು ಮಾರನೆಯ ಮಧ್ಯಾಹ್ನ, ಅಷ್ಟರಲ್ಲಿ ಜೀವ ಹೋಗಿತ್ತು. ಕಾಲು ಸಿಕ್ಕಿಕೊಂಡಿತ್ತಂತೆ, ಕೈ ಯಾವುದೋ ಸ್ವಿಚ್ಚಿನ ಮೇಲಿತ್ತಂತೆ. ಯಾವ ಸ್ವಿಚ್ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

"ಅವತ್ ರಾತ್ರಿ ನಾನು ಬೈಕಲ್ಲಿ ಇಲ್ಲೇ ಬಂದೆ" ಎಂದ ನಂಜುಂಡ, ತಲೆಯೆತ್ತದೆ. "ಇದೇ ಸದ್ದು. ಓಡೋದು, ನಿಲ್ಲೋದು... ಯಾರೋ ಗಾಳಿ ಒಡೀತಾವ್ರೆ ಅನ್ಕಂಡು ಓಗ್ಬುಟ್ಟೆ."

"ಕೊರಕಲ್ ಒಳಗೆ ಯಾವನ್ಲಾ ಗಾಳಿ ಒಡೀತಾನೆ?"

"...ಅಂಜ್ಕೆ ಆಯ್ತು ಕಣಕ್ಕ."

ಆ ಸ್ವಿಚ್ ಯಾವುದೆಂದು ಆಗ ಹೊಳೆಯಿತು. ಹಾರನ್ ಕೆಟ್ಟು, ಕೂಗಿ ಕೂಗಿ ಗಂಟಲು ಬತ್ತಿ, ಕೈಗೆಟುಕಿದ ಒಂದೇ ಒಂದು ಸ್ವಿಚ್ ಒತ್ತಿ ಕರೆಯುತ್ತಿದ್ದ ಮನುಷ್ಯ! ಇವನು ಅದನ್ನು ಕೇಳಿಸಿಕೊಂಡೂ ಮನೆಗೆ ಹೋಗಿ ಮಲಗಿದ್ದಾನೆ. ಸಾಲದ್ದಕ್ಕೆ ಅದೇ ಕಂಪ್ರೆಸರನ್ನು ಹೊಸದೆಂದು ನನ್ನ ಗಾಡಿಗೆ ಬಿಗಿದಿದ್ದಾನೆ. ಕೈಯಲ್ಲಿದ್ದ ಪೈಪನ್ನು ಅವನ ಮೇಲೆ ಬೀಸಿ ಎಸೆದೆ.

"ಎದ್ದೇಳು. ಈಗ್ಲಾದ್ರೂ ಇಳ್ದು ನೋಡಮ, ಬಾ."

ಅವನು ಅಲುಗಲಿಲ್ಲ. ಟಾರ್ಚ್ ಹಿಡಿದು ನಾನೊಬ್ಬಳೇ ಇಳಿದೆ.

ಮುಳ್ಳು ಸೀರೆ ಹಿಡಿದೆಳೆಯುತ್ತಿತ್ತು. ಕಾಲಡಿಯಲ್ಲಿ ಗಾಜಿನ ಚೂರು ಕರಕರ ಎಂದವು. ಒಂದೊಂದು ಹೆಜ್ಜೆಗೂ ಸದ್ದು ಹತ್ತಿರವಾಗುತ್ತಿತ್ತು. ತಳದ ಬಂಡೆಯ ಮೇಲೆ ಕಾಲಿಟ್ಟೆ ನೋಡಿ... ನಿಂತುಹೋಯಿತು. ಜೀರುಂಡೆಗಳೂ ನಿಂತವು.

ಆಗ, ಕಿವಿಯ ಪಕ್ಕದಲ್ಲೇ, ನೀರಿಲ್ಲದೆ ಒಣಗಿದ ಗಂಟಲು...

"ಇಬ್ರೂ ಬಂದ್ರಾ?"

ಇಬ್ಬರು ಎಂದ ಮೇಲೆ, ಸದ್ಯ, ನಂಜುಂಡನೂ ನನ್ನ ಹಿಂದೆ ಇಳಿದು ಬಂದನಲ್ಲ ಎಂದು ತಿರುಗಿದೆ. ಹಿಂದೆ ಯಾರೂ ಇಲ್ಲ. ಮೇಲೆ, ರಸ್ತೆಯ ಅಂಚಿನಲ್ಲಿ, ಅವನ ಮೊಬೈಲ್ ಬೆಳಕು ಕಾಣುತ್ತಿತ್ತು. ನನ್ನ ಬೆನ್ನ ಹಿಂದಿನ ಲಂಟಾನದ ಕೊಂಬೆಯೊಂದು, ಯಾರೋ ಪಕ್ಕಕ್ಕೆ ಹಿಡಿದಿದ್ದವರು ಆಗಷ್ಟೇ ಬಿಟ್ಟ ಹಾಗೆ, ನಿಧಾನವಾಗಿ ತನ್ನ ಜಾಗಕ್ಕೆ ಮರಳಿತು.

ಹೇಗೆ ಹತ್ತಿ ಬಂದೆನೋ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ನಂಜುಂಡನನ್ನು ಬಸವರಾಜು ಅವರ ಮನೆಗೆ ಎಳೆದುಕೊಂಡು ಹೋದೆ. ಅವರ ಹೆಂಡತಿ ಜಗುಲಿಯ ಮೇಲೆ ರೇಷ್ಮೆ ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ಇವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವರು ಕೇಳಿದ್ದು ಒಂದೇ ಮಾತು.

"ಎಷ್ಟೊತ್ ಗಂಟ ಕೇಳ್ತಿತ್ತಪ್ಪ?"

"ನಾನ್ ನಿಲ್ನಿಲ್ಲ ಕಣವ್ವ..."

"ಇಂಗ್ ಯೋಳಕ್ ಬಂದೋರಲ್ಲಿ ನೀನು ಮೂರ್ನೇವ್ನು. ಅವ್ರೂ ನಿಂತಿರ್ನಿಲ್ಲ."

ಮೂರು ಜನ! ಕತ್ತಿ ಮತ್ತೆ ಸೊಪ್ಪಿನ ಮೇಲೆ ಆಡತೊಡಗಿತು. ನಂಜುಂಡ ಅಳುತ್ತಾ ಹೊರಟುಹೋದ. ನನಗೆ ಅವನ ಮೇಲೆ ಅಯ್ಯೋ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಕಂಪ್ರೆಸರ್ ಬಿಚ್ಚಿ ತಂದುಕೊಡುತ್ತೇನೆ ಎಂದೆ. ಆಕೆ ತಲೆಯಾಡಿಸಿದರು.

"ಬ್ಯಾಡ ಕಣಕ್ಕ. ನಿಮ್ ಗಾಡೀಲೇ ಇರ್ಲಿ. ಕೇಳುದ್ರೆ ನೀವಾದ್ರೂ ನಿಂತ್ಕತೀರಿ."

ಅದು ಇವತ್ತಿಗೂ ನನ್ನ ಜೀಪಿನಲ್ಲೇ ಇದೆ. ಆ ತಿರುವು ಬಂದಾಗಲೆಲ್ಲ ಎಂಜಿನ್ ಆರಿಸಿ ಕಿವಿಗೊಟ್ಟು ನಿಲ್ಲುತ್ತೇನೆ. ಆಮೇಲೆ ಒಂದು ದಿನವೂ ಏನೂ ಕೇಳಿಲ್ಲ. ಮತ್ತೆ ಗಾಡಿ ಹೊರಡಿಸುವಾಗ ಮಾತ್ರ, ಅವತ್ತು ನನ್ನ ಹಿಂದೆ ಇಳಿದವರು ಅಲ್ಲೇ ಕೂತಿದ್ದರೆ ಎಂದು, ಖಾಲಿ ಇರುವ ಪಕ್ಕದ ಸೀಟಿನ ಕಡೆ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ...