ಚಂದ್ರನ ವಾಚು ಕಟ್ಟಿಕೊಂಡು ಅಳಿವೆ ದಾಟಿದ್ದು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ನಕ್ಕುಬಿಡುತ್ತಿದ್ದವನು ನಾನು. ಈಗಲೂ ಹೆಚ್ಚುಕಡಿಮೆ ಹಾಗೇ. ಆದರೆ ನನ್ನ ಮದುವೆಯ ದಿನ ನಡೆದದ್ದನ್ನು ಮಾತ್ರ ನಕ್ಕು ತಳ್ಳಿಹಾಕಲು ಆಗಿಲ್ಲ.

ನನ್ನ ಸೋದರಮಾವ ಹರೆಯದಲ್ಲಿ ಸರಕಿನ ಹಡಗಿನಲ್ಲಿ ದುಡಿದವರು. ಯಾವುದೋ ಪರದೇಶದ ಬಂದರಿನಲ್ಲಿ ಕೊಂಡ ಕ್ರೊನೊಗ್ರಾಫ್ ವಾಚೆಂದರೆ ಅವರಿಗೆ ಪ್ರಾಣ. ಬದಿಯ ಗುಂಡಿ ಒತ್ತಿದರೆ ಉದ್ದನೆಯ ಸೆಕೆಂಡು ಮುಳ್ಳು ಓಡುವುದು, ಮತ್ತೆ ಒತ್ತಿದರೆ ನಿಲ್ಲುವುದು. ಚಂದ್ರನ ಮೇಲೆ ಇಳಿದವರು ಕಟ್ಟಿದ್ದು ಇದೇ ಜಾತಿಯದು, ಈಗ ಹುಡುಕಿದರೂ ಸಿಗದು ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಚಂದ್ರನಿಗೆ ಹೋಗುವ ವಾಚು ಕಟ್ಟಿಯೂ ಬೊಬ್ರುವಾಡದ ಬಸ್ಸು ತಪ್ಪಿಸಿಕೊಳ್ಳುತ್ತೀರಲ್ಲ ಎಂದು ನಾವು ಕಾಡುತ್ತಿದ್ದೆವು. ಮದುವೆಯ ಬೆಳಿಗ್ಗೆ ಅದನ್ನು ತಾವೇ ನನ್ನ ಕೈಗೆ ಕಟ್ಟಿ, ಕೀ ಮಾತ್ರ ಕೊಡಬೇಡ ಎಂದರು.

ಎರಡು ಸಾವಿರದ ಇಸವಿಯ ಆಚೆಗಿನ ಒಂದು ಮೇ ತಿಂಗಳು ಅದು. ಕಾರವಾರದಿಂದ ಅಂಕೋಲೆ ಕಡೆಯ ಹುಡುಗಿಯ ಊರಿಗೆ ದಿಬ್ಬಣ ಹೊರಡಬೇಕು ಎನ್ನುವಾಗ, ದಾರಿಯ ಬಾಳೆಗುಳಿಯಲ್ಲಿ ಟ್ಯಾಂಕರ್ ಮಗುಚಿ ಹೆದ್ದಾರಿ ಬಂದ್ ಎಂದು ಸುದ್ದಿ ಬಂತು. ಮಧ್ಯಾಹ್ನದ ಮುಹೂರ್ತ ತಪ್ಪಿದರೆ ಮುಂದಿನದು ಮಳೆಗಾಲ ಕಳೆದ ಮೇಲೆ. ನನಗೋ ಇನ್ನೊಂದು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ಮೀನು ಹಿಡಿಯುವವರಿಗೆ ದಾರಿಗೇನು ಬರ ಎಂದು ಮಾವ ಎಂಟು ಜನರನ್ನು ಮೋಟಾರು ದೋಣಿ ಹತ್ತಿಸಿದರು. ಬಾಸಿಂಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ.

ಅಂಕೋಲೆ ಕಡೆಯ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ಗಾಳಿ ಎದ್ದಿತ್ತು. ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ಒಡೆಯುತ್ತವೆ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲೇ ದಾಟಬೇಕು, ಇಲ್ಲವಾದರೆ ದೋಣಿ ಮಗುಚುತ್ತದೆ. ನಾನು ನಿಜಕ್ಕೂ ಹೆದರಿದ್ದೆ. ಬಿಡುವು ಎಷ್ಟು ಸೆಕೆಂಡು ಅಂತ ವಾಚು ನೋಡಿ ಹೇಳು ಎಂದರು ಚುಕ್ಕಾಣಿ ಹಿಡಿದಿದ್ದ ಮಾವ. ಗುಂಡಿ ಒತ್ತಿದೆ. ಬಿಳಿ ಮುಳ್ಳು ಓಡಿತು. ನಲವತ್ತೆರಡು ಎಂದೆ. ಎರಡನೇ ಸಲ ನಲವತ್ತು. ಮೂರನೇ ಸಲ ಅಲೆ ಒಡೆದದ್ದೇ ಮಾವ ದೋಣಿ ನುಗ್ಗಿಸಿದರು. ನಾನು ಮುಳ್ಳು ನೋಡುತ್ತ ಹತ್ತು, ಇಪ್ಪತ್ತು, ಮೂವತ್ತು ಎಂದು ಕೂಗುತ್ತಲೇ ಇದ್ದೆ. ಮೂವತ್ತೈದಕ್ಕೆ ಹೊಳೆಯೊಳಗಿದ್ದೆವು. ಹಿಂದೆ ಅಲೆ ಒಡೆದ ಸದ್ದು ಕೇಳಿತು.

ಒದ್ದೆ ಪಂಚೆಯಲ್ಲೇ ಮಂಟಪಕ್ಕೆ ಹೋದೆ. ಅಂತರಪಟ ಸರಿದಾಗ ಹುಡುಗಿ ಮಾಲೆ ಹಾಕುವುದನ್ನು ಬಿಟ್ಟು ನಗುತ್ತ ನಿಂತಳು. ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ. ಸಂಜೆ ಮಾವ ವಾಚು ಬಿಚ್ಚಿಕೊಂಡು ಹೋದರು.

ವಾರದ ನಂತರ ನಾವಿಬ್ಬರೂ ಕಾರವಾರದ ಪೇಟೆಯಲ್ಲಿ ಹೋಗುತ್ತಿದ್ದಾಗ ವಾಚು ರಿಪೇರಿಯವರು ಕರೆದರು. ಮುಂಬಯಿಯಿಂದ ಸ್ಪ್ರಿಂಗ್ ಬಂದಿದೆ, ಮಾವನಿಗೆ ವಾಚು ತರಲು ಹೇಳಿ ಎಂದರು. ಮುರಿದ ಸ್ಪ್ರಿಂಗನ್ನು ಮದುವೆಗೆ ಮೊದಲೇ ತೆಗೆದಿದ್ದರಂತೆ, ಅದಿಲ್ಲದೆ ಯಾವ ಮುಳ್ಳೂ ಅಲುಗದಂತೆ. ಮದುಮಗನ ಕೈಗೆ ಶೋಭೆಗಿರಲಿ ಎಂದು ಮಾವ ಹಾಗೇ ಒಯ್ದಿದ್ದರಂತೆ. ನಾನು ನಂಬದಿದ್ದಾಗ ಕಾಗದದ ಪೊಟ್ಟಣದಿಂದ ಆ ಮುರಿದ ಸ್ಪ್ರಿಂಗ್ ತೆಗೆದು ತೋರಿಸಿದರು.

ನೇರ ಮಾವನ ಹತ್ತಿರ ಹೋಗಿ ಕೇಳಿದೆ.

"ನೀ ಹೆದರ್ಕೊಂಡಿದ್ದೆ ತಮಾ, ಕೈಗೊಂದು ಕೆಲಸ ಇರ್ಲಿ ಅಂತ ಹೇಳ್ದೆ. ವಾಚು ಓಡೂದಿಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೆ ನೀ ಹೇಳಿದ್ದು ಎರಡು ಸಲನೂ ನನ್ನ ಅಂದಾಜಿಗೆ ಸರಿ ಬಂತು. ಮೂರನೇ ಸಲ ಉಪ್ಪುನೀರು ಕಣ್ಣಿಗೆ ಹೊಡ್ದು ನಂಗೆ ಎಂತದೂ ಕಾಣ್ಲಿಲ್ಲ. ನಿನ್ನ ಕೂಗು ಕೇಳ್ತಾನೇ ದಾಟ್ಸ್ದೆ."

ಹೆದರಿಕೆಯಲ್ಲಿ ಮನಸ್ಸೇ ಎಣಿಸಿರಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಇರಬಹುದು, ಅವಳು ನನಗಿಂತ ಬುದ್ಧಿವಂತೆ. ಆದರೆ ಅಂದು ನಾನು ಎಣಿಸಲಿಲ್ಲ. ಮುಳ್ಳು ಓಡುತ್ತಿತ್ತು, ನಾನು ನೋಡಿ ಹೇಳಿದೆ.